ಸರ್ವಮಂಗಳ ತಂದ ಕಾಫಿಗೆ ರೇವಣ್ಣ ಕೊಟ್ಟ ದರ್ಜೆ

ಶನಿವಾರಸಂತೆಯ ರೇವಣ್ಣ ಕಾಫಿ ರುಚಿ ನೋಡುವ ಕೆಲಸಕ್ಕೆ ಸೇರಿದ್ದು ಹಲ್ಲುನೋವಿನಿಂದ. ಹಾಗೆಂದು ಅವನೇ ಎಲ್ಲರಿಗೂ ಹೇಳುತ್ತಿದ್ದ. ಕೇಳಿದವರು ಇದೇನೋ ವಿನಯದ ಮಾತಿರಬೇಕು ಅಂದುಕೊಂಡರೆ, "ವಿನಯ ಅಲ್ಲ ಕಣ್ರೀ, ಎಡಗಡೆ ದವಡೆ" ಎಂದು ಬಾಯಿ ತೆರೆದು, ಹಲ್ಲು ಹೋದ ಸಂದನ್ನು ತೋರಿಸುತ್ತಿದ್ದ.

ಕೊಡಗು ಇನ್ನೂ ತನ್ನದೇ ಸರ್ಕಾರ ಇಟ್ಟುಕೊಂಡಿದ್ದ ಕಾಲ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಜಗಳವಾಡುತ್ತಿದ್ದರು. ಆಗ ಕುಶಾಲನಗರದಲ್ಲಿ, ಹೊಳೆಯಿಂದ ಸ್ವಲ್ಪ ಮೇಲಕ್ಕೆ, ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ ಇತ್ತು. ತೋಟಗಳಿಂದ ಬಂದ ಒಣ ಕಾಫಿಯ ಸಿಪ್ಪೆ ಬಿಡಿಸಿ, ಬೀಜ ಜರಡಿ ಹಿಡಿದು, ದರ್ಜೆ ಮಾಡಿ ಮೂಟೆ ಕಟ್ಟುವ ಜಾಗ. ರೇವಣ್ಣ ಅಲ್ಲಿ ಮೂಟೆ ತೂಗುವ ಕಡೆ ಗುಮಾಸ್ತ. ಅಪ್ಪ ಇಲ್ಲ, ಊರಲ್ಲಿ ಅಮ್ಮ ಶಕುಂತಲಮ್ಮ ಒಬ್ಬರೇ. ಮದುವೆ ವಯಸ್ಸು ಬಂದಿತ್ತು. ತನ್ನಲ್ಲಿ ಹೇಳಿಕೊಳ್ಳುವಂಥ ಗುಣ ಯಾವುದೂ ಇಲ್ಲ ಎಂಬುದು ಅವನಿಗೆ ಆಗಲೇ ಚೆನ್ನಾಗಿ ಗೊತ್ತಿತ್ತು.

ವರ್ಕ್ಸಿನಲ್ಲಿ ಕಾಫಿ ರುಚಿ ನೋಡುತ್ತಿದ್ದವರು ಶಾಂತಪ್ಪನವರು. ತಲಚೇರಿಯಲ್ಲಿ ದೊರೆಗಳ ಕಂಪೆನಿಯಲ್ಲಿದ್ದು ಕಲಿತು ಬಂದವರು. ಒಂದು ವರ್ಷ ಸುಗ್ಗಿಯ ಮಧ್ಯದಲ್ಲಿ ಅವರಿಗೆ ಶೀತ ಹತ್ತಿ ಮೂಗು ಕಟ್ಟಿಹೋಯಿತು. ರುಚಿ ಎಂದರೆ ಮುಕ್ಕಾಲು ಪಾಲು ಮೂಗೇ. ಹಾಗಾಗಿ ಅವರು ಆಫೀಸಿನವರನ್ನೆಲ್ಲ ಕರೆದು ಸಾಲಾಗಿ ನಿಲ್ಲಿಸಿದರು. ಮೇಜಿನ ಮೇಲೆ ಮೂರು ಬಟ್ಟಲು ಕಾಫಿ. ಎರಡು ಒಂದೇ ತೋಟದ್ದು, ಒಂದು ಬೇರೆ. ಬೇರೆ ಯಾವುದು ಹೇಳಿ ಅಂದರು. ಒಬ್ಬರ ಬಾಯಲ್ಲಿ ಎಲೆಯಡಿಕೆ, ಇನ್ನೊಬ್ಬರ ಬಾಯಲ್ಲಿ ಬೀಡಿಯ ಘಾಟು, ಮತ್ತೊಬ್ಬರ ಮೂಗಿನ ತುಂಬ ನಶ್ಯ. ಯಾರಿಗೂ ಯಾವುದೂ ಬೇರೆ ಅನಿಸಲಿಲ್ಲ. ರೇವಣ್ಣ ಮಾತ್ರ ತುದಿಯ ಬಟ್ಟಲು ಮೂಸಿ, "ಇದ್ರಲ್ಲಿ ಒದ್ದೆ ಗೋಣಿಚೀಲದ ವಾಸ್ನೆ ಅದೆ ಸಾರ್" ಅಂದ.

ಶಾಂತಪ್ಪನವರು ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು. "ಎಲೆಯಡಿಕೆ ಹಾಕಲ್ವೇನಯ್ಯ?"

"ಹಾಕ್ತಿದ್ದೆ ಸಾರ್. ಹಲ್ಲುನೋವು. ತಿಂಗಳಿಂದ ಗಂಜೀಲೇ ಇದೀನಿ."

"ವಾಸಿ ಮಾಡ್ಕೋಬೇಡ," ಎಂದರು ಶಾಂತಪ್ಪನವರು. ಮರುದಿನದಿಂದ ರೇವಣ್ಣ ತಕ್ಕಡಿ ಬಿಟ್ಟು ಅವರ ಮೇಜಿಗೆ ಬಂದ.

ಹಲ್ಲು ಕೀಳಿಸಿದ ಮೇಲೂ ಗಂಜಿ ತಪ್ಪಲಿಲ್ಲ. ಶಾಂತಪ್ಪನವರ ಕಟ್ಟುಪಾಡು ಹಾಗಿತ್ತು. ಬೆಳ್ಳುಳ್ಳಿ ಇಲ್ಲ, ಉಪ್ಪಿನಕಾಯಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ. ತಲೆಗೆ ಘಮಘಮದ ಎಣ್ಣೆ ಇಲ್ಲ. ಊರಿಗೆ ಹೋದಾಗ ಶಕುಂತಲಮ್ಮ ಪೂಜೆಗೆ ಲೋಬಾನ ಹಾಕಿದರೆ ಅವನು ಅಂಗಳಕ್ಕೆ ಓಡುತ್ತಿದ್ದ. "ಶಿವನ ಮುಂದೆ ನಿಲ್ಲಕಾಗದ್ ನೌಕರಿ ಎಂಥದೋ ಮಗ?" ಎಂದು ಅವರು ಒಳಗಿನಿಂದಲೇ ಗೊಣಗುತ್ತಿದ್ದರು. ನೆಂಟರ ಮದುವೆಯಲ್ಲಿ ಎಲ್ಲರೂ ಹೋಳಿಗೆ, ಚಿತ್ರಾನ್ನ ಹೊಡೆಯುವಾಗ ಇವನು ಎಲೆಯ ತುದಿಯಲ್ಲಿ ಸಪ್ಪೆ ಮೊಸರನ್ನ ಕಲಸುತ್ತಿದ್ದ. ಬಡಿಸುವವರು, ಪಾಪ, ಹುಡುಗನಿಗೆ ಹೊಟ್ಟೆಯ ಕಾಯಿಲೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆ ಸುದ್ದಿಯಿಂದ ಕೈತಪ್ಪಿದ ಸಂಬಂಧ ಒಂದೋ ಎರಡೋ ಇರಬೇಕು.

ಕೆಲಸವನ್ನಂತೂ ಅವನು ಕಲಿತ. ಹುರಿದು ಪುಡಿ ಮಾಡಿದ ಕಾಫಿಯನ್ನು ಬಟ್ಟಲಿಗೆ ಹಾಕಿ ಕುದಿನೀರು ಹೊಯ್ದು ಬಿಡುತ್ತಾರೆ. ಮೇಲೆ ಪುಡಿ ಕೆನೆಯಂತೆ ಕಟ್ಟುತ್ತದೆ. ಚಮಚದಿಂದ ಅದನ್ನು ಒಡೆದು, ಬಗ್ಗಿ, ಏಳುವ ಹಬೆಗೆ ಮೂಗೊಡ್ಡಬೇಕು. ಆಮೇಲೆ ಒಂದು ಚಮಚ ಎತ್ತಿ ಸೊರ್ರೆಂದು ಗಾಳಿ ಸಮೇತ ಎಳೆದು, ಬಾಯೆಲ್ಲ ಆಡಿಸಿ, ಮಗ್ಗುಲಲ್ಲಿಟ್ಟ ಹಿತ್ತಾಳೆ ಪೀಕದಾನಿಗೆ ಉಗಿಯಬೇಕು. ನುಂಗುವ ಹಾಗಿಲ್ಲ. ನುಂಗಿದರೆ ಸಂಜೆಯ ಹೊತ್ತಿಗೆ ಕೈ ನಡುಗಿ, ರಾತ್ರಿ ಗೂಬೆಯಂತೆ ಕೂತಿರಬೇಕಾಗುತ್ತದೆ. ಉಗಿದ ತಕ್ಷಣ ಕಂಡದ್ದನ್ನು ಕೂಗಿ ಹೇಳಬೇಕು, ಪಕ್ಕದಲ್ಲಿ ಕೂತ ರೈಟರ್ ಚೆನ್ನಯ್ಯ ಬರೆದುಕೊಳ್ಳಬೇಕು. ಚೆನ್ನಯ್ಯನಿಗೆ ಕಿವಿ ಮಂದ. ಸಾಲದ್ದಕ್ಕೆ ಗೋಡೆಯ ಆಚೆ ಸಿಪ್ಪೆ ಬಿಡಿಸುವ ಮಿಷನ್ನು. ಹಾಗಾಗಿ ರೇವಣ್ಣ ಪ್ರತಿ ಬಟ್ಟಲಿಗೂ, "ಬರ್ಕೊಳ್ಳಿ!" ಎಂದು ಗಂಟಲು ಹರಿಯುವಂತೆ ಕಿರುಚಿ, ಆಮೇಲೆ ದರ್ಜೆ ಹೇಳುತ್ತಿದ್ದ. ಸುಗ್ಗಿಯಲ್ಲಿ ಬೆಳಗಿನಿಂದ ದೀಪ ಹಚ್ಚುವವರೆಗೆ ಇದೇ. ಕನಸಿನಲ್ಲೂ ಬಟ್ಟಲುಗಳು ಸಾಲಾಗಿ ಬರುತ್ತಿದ್ದವು.

ಅಂಥ ಸುಗ್ಗಿಯ ನಡುವೆಯೇ ಶಕುಂತಲಮ್ಮ ಹೇಳಿಕಳಿಸಿದರು: ಶನಿವಾರಸಂತೆಯ ಆಚೆ ಕಲ್ಲೇಶಪ್ಪನವರ ಮಗಳನ್ನು ನೋಡುವುದಿದೆ, ತಕ್ಷಣ ಬಾ. ಕಲ್ಲೇಶಪ್ಪನವರದು ಸಣ್ಣ ತೋಟ, ಒಳ್ಳೆಯ ಮನೆತನ, ಒಬ್ಬಳೇ ಮಗಳು ಸರ್ವಮಂಗಳ. ರೇವಣ್ಣ ಒಂದು ದಿನದ ರಜ ಬೇಡಿ, ಮೇಜಿನಿಂದ ಎದ್ದವನೇ ಬಸ್ಸು ಹತ್ತಿದ.

ಊರಿನಿಂದ ಹುಡುಗಿಯ ಮನೆಗೆ ಹೋಗುವ ದಾರಿಯಲ್ಲಿ ಅಮ್ಮ ಬುದ್ಧಿ ಹೇಳಿದರು. "ಹುಡುಗಿ ಮುಖಾನ ಬಾಯ್ ಬಿಟ್ಕೊಂಡ್ ನೋಡ್ಬೇಡ. ತಲೆ ತಗ್ಗಿಸ್ಕೊಂಡ್ ಕೂತಿರು. ಕೇಳಿದ್ದಕ್ಕಷ್ಟೇ ಮಾತಾಡು."

ಮಗ ಅಮ್ಮನ ಮಾತನ್ನು ಅಕ್ಷರಶಃ ಪಾಲಿಸಿದ. ಅನಾಹುತಕ್ಕೆ ಕಾರಣ ಅದೇ ಎಂಬುದು ಅವನ ವಾದ.

ನಡುಮನೆಯಲ್ಲಿ ಜಮಖಾನ ಹಾಸಿತ್ತು. ಊರಿನ ನಾಲ್ಕಾರು ಹಿರಿಯರು ಗೋಡೆಗೊರಗಿ ಕೂತಿದ್ದರು. ಕೈತೊಳೆಯಲು ನೀರಿಟ್ಟ ಒಂದು ಹಿತ್ತಾಳೆ ಚೊಂಬು, ಥಳಥಳ ಬೆಳಗಿದ್ದು, ರೇವಣ್ಣನ ಮಗ್ಗುಲಲ್ಲೇ ಇತ್ತು. ಕಲ್ಲೇಶಪ್ಪನವರು, "ನಮ್ ತೋಟದ್ದೇ ಕಾಫಿ, ಬೆಲ್ಲದ್ದು, ಹಾಲು ಹಾಕ್ದೆ ಕುಡುದ್ರೇ ಅದರ ಗುಣ ಗೊತ್ತಾಗೋದು" ಎಂದು ಹೆಮ್ಮೆಯಿಂದ ಹೇಳುತ್ತಿದ್ದಂತೆ ಬಳೆ ಸದ್ದಾಯಿತು. ರೇವಣ್ಣ ತಲೆ ಎತ್ತಲಿಲ್ಲ. ಹುಡುಗಿ ಕಾಣಲಿಲ್ಲ, ಸೀರೆಯ ಅಂಚೂ ಕಾಣಲಿಲ್ಲ. ಕಂಡದ್ದು ತಟ್ಟೆಯ ಮೇಲೆ ಸಾಲಾಗಿ ಹಬೆಯಾಡುತ್ತಿದ್ದ ಕರಿ ಕಾಫಿಯ ಲೋಟಗಳು.

ಅಲ್ಲಿಂದ ಮುಂದೆ ನಡೆದದ್ದರಲ್ಲಿ ಅವನ ಮನಸ್ಸಿನ ಪಾತ್ರ ಏನೂ ಇರಲಿಲ್ಲ. ಕೈ ಲೋಟ ತೆಗೆದುಕೊಂಡಿತು. ಮೂಗು ಹಬೆಗೆ ಬಗ್ಗಿತು. ಬಾಯಿ ಸೊರ್ರೆಂದು ಎಳೆಯಿತು, ಆ ಸದ್ದಿಗೆ ಹಿರಿಯರೊಬ್ಬರು ತೂಕಡಿಕೆಯಿಂದ ಎದ್ದರು. ಕೆನ್ನೆಗಳು ಎಡಕ್ಕೂ ಬಲಕ್ಕೂ ಉಬ್ಬಿದವು. ಆಮೇಲೆ ರೇವಣ್ಣ ಪಕ್ಕಕ್ಕೆ ತಿರುಗಿ, ಗುರಿ ತಪ್ಪದೆ, ಹಿತ್ತಾಳೆ ಚೊಂಬಿಗೆ ಉಗಿದ.

"ಬರ್ಕೊಳ್ಳಿ!" ಎಂದು ಕಿರುಚಿದ. "ಸಗಣಿ ವಾಸ್ನೆ! ಸಾರಿಸಿದ ಕಣದ್ ಮೇಲೆ ಒಣಗ್ಸಿದ್ದು. ಒಣಗೋ ಮೊದ್ಲೇ ಗುಡ್ಡೆ ಹಾಕಿದಾರೆ, ಬೂಷ್ಟು. ಕೊನೇ ದರ್ಜೆ!"

ಹೇಳಿ, ಮುಂದಿನ ಬಟ್ಟಲಿಗೆಂದು ಅಮ್ಮನ ಕೈಯಲ್ಲಿದ್ದ ಲೋಟಕ್ಕೆ ಕೈ ಚಾಚಿದ. ಅಮ್ಮ ಲೋಟ ಬಿಡಲಿಲ್ಲ. ಆಗ ತಲೆ ಎತ್ತಿ ನೋಡಿದ. ಮಿಷನ್ನಿನ ಸದ್ದಿರಲಿಲ್ಲ. ಚೆನ್ನಯ್ಯ ಇರಲಿಲ್ಲ. ಶಕುಂತಲಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಕಲ್ಲೇಶಪ್ಪನವರ ಮುಖ ಹಣ್ಣಾದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಅವನ ಬೆನ್ನ ಹಿಂದೆ, ಬಾಗಿಲ ಸಂದಿನಲ್ಲಿ ನಿಂತಿದ್ದ ಸರ್ವಮಂಗಳ ಅಳುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಅಳಲಿಲ್ಲ. ತಣ್ಣಗೆ ಕೇಳಿದಳು: "ದರ್ಜೆ ಕಾಫಿದೋ, ಕಾಫಿ ತಂದೋಳ್ದೋ?"

ರೇವಣ್ಣ ಬಾಯಿ ತೆರೆದ. ಅಷ್ಟು ಹೊತ್ತಿಗೆ ಅಮ್ಮ ಅವನ ಅಂಗಿಯ ತೋಳು ಹಿಡಿದು ಅಂಗಳಕ್ಕೆ ಎಳೆದಾಗಿತ್ತು.

ಮರುದಿನವೇ ಶನಿವಾರ. ಅವನು ಬಸ್ಸಿಗೆ ಕಾಯುತ್ತಿದ್ದ ಸಂತೆಯಲ್ಲಿ ಮಾರಾಟವಾದ ಸರಕಿಗಿಂತ ಈ ಕತೆಯೇ ಹೆಚ್ಚು ಕೈ ಬದಲಾಯಿಸಿತು. ಮೆಣಸಿನಕಾಯಿ ಮಾರುವವಳು ಅವನನ್ನು ಕಂಡು ಸೊರ್ರೆಂದಳು. ಹೋಟೆಲಿನವನು ಅವನ ಮುಂದೆ ಕಾಫಿಯ ಜೊತೆ ಒಂದು ಖಾಲಿ ಚೊಂಬನ್ನೂ ತಂದಿಟ್ಟ. "ಬರ್ಕೊಳ್ಳಿ ರೇವಣ್ಣ" ಎಂಬ ಹೆಸರು ಊರಿನಿಂದ ಬಸ್ಸು ಹತ್ತಿ ಅವನಿಗಿಂತ ಮೊದಲೇ ಕುಶಾಲನಗರ ತಲುಪಿತ್ತು. ಚೆನ್ನಯ್ಯನಿಗೂ ಅದು ಒಂದೇ ಸಲಕ್ಕೆ ಕೇಳಿಸಿತ್ತು. ರೇವಣ್ಣನಿಗೂ ನಗು ಬರುತ್ತಿತ್ತು. ಹೇಳಿದ್ದು ಸುಳ್ಳಲ್ಲ, ಸಗಣಿ ವಾಸನೆ ಇದ್ದದ್ದು ನಿಜ. ಆದರೆ ಆ ಹುಡುಗಿಯ ದನಿ ಕಿವಿಯಿಂದ ಹೋಗಲಿಲ್ಲ. ಮುಖ ನೋಡಿರಲಿಲ್ಲವಾದ್ದರಿಂದ ಆ ದನಿಗೆ ಹೊಂದುವ ಮುಖ ಹುಡುಕುತ್ತ ಎಷ್ಟೋ ಬಟ್ಟಲುಗಳನ್ನು ತಣ್ಣಗಾಗಲು ಬಿಟ್ಟು ಬೈಸಿಕೊಂಡ.

ಸುಗ್ಗಿ ಮುಗಿಯುತ್ತ ಬಂದ ಒಂದು ಬೆಳಿಗ್ಗೆ ವರ್ಕ್ಸಿನ ಗೇಟಿನಲ್ಲಿ ಕಲ್ಲೇಶಪ್ಪನವರು ಕಾಣಿಸಿಕೊಂಡರು. ಹೆಗಲಲ್ಲಿ ಒಂದು ಚೀಲ, ಕೈಯಲ್ಲಿ ಬೆತ್ತದ ಕೊಡೆ. ಕಿಟಕಿಯಿಂದ ಅವರನ್ನು ನೋಡಿದ ರೇವಣ್ಣ ಮೂಟೆಗಳ ಹಿಂದೆ ಕುಕ್ಕರಿಸಿದ. ಕಾಫಿ ಧೂಳಿಗೆ ಸೀನು ಬಂದು ಸಿಕ್ಕಿಬಿದ್ದ.

ಕಲ್ಲೇಶಪ್ಪನವರು ಅವನ ಕಡೆ ನೋಡದೆ ಶಾಂತಪ್ಪನವರಿಗೆ ಹೇಳಿದರು: "ಈ ನಿಮ್ ಹುಡುಗ ನಮ್ಮನೇಲಿ ಬಂದು ನಮ್ ಕಾಫೀನ ಸಗಣಿ ಅಂದ. ಇದು ನಮ್ದೇ ಕಾಫಿ. ಬೇರೆಯೋರ್ದರ ಜೊತೆ ಸಾಲಲ್ಲಿಡಿ. ಕಣ್ ಕಟ್ಟಿದಂಗೆ ರುಚಿ ನೋಡಿ ನಮ್ದ್ಯಾವ್ದು ಅಂತ ಅವ್ನು ಹೇಳ್ಲಿ. ಹೇಳಿದ್ರೆ ನಾನು ಸುಮ್ನೆ ಹೋಗ್ತೀನಿ. ತಪ್ಪಿದ್ರೆ, ಅದೇ ಹಿರಿಯರ ಮುಂದೆ ಬಂದು ನನ್ ಮಗಳ ಹತ್ರ ತಪ್ಪಾಯ್ತು ಅನ್ಬೇಕು."

"ಆಗ್ಲಿ," ಎಂದರು ಶಾಂತಪ್ಪನವರು. ಅವರಿಗೂ ಅಂದು ಬೇರೆ ಮನರಂಜನೆ ಇರಲಿಲ್ಲ.

ರೇವಣ್ಣನನ್ನು ಹೊರಗೆ ಕಳಿಸಿ, ಮಾದರಿಗಳನ್ನು ಹುರಿದು, ಬಟ್ಟಲು ಜೋಡಿಸಿ, ಹೆಸರಿನ ಚೀಟಿಗಳನ್ನು ಬಟ್ಟಲಿನ ಅಡಿಯಲ್ಲಿಟ್ಟರು. ವಿಷಯ ತಿಳಿದು ಜರಡಿ ಶೆಡ್ಡಿನ ಹೆಂಗಸರೆಲ್ಲ ಕಿಟಕಿಗೆ ಬಂದರು. ರೇವಣ್ಣ ಒಳಗೆ ಬಂದವನು ಧೈರ್ಯದಿಂದಲೇ ಇದ್ದ. ಆ ವಾಸನೆ ತನಗೆ ಮರೆಯಲು ಸಾಧ್ಯವೇ? ಜೀವಮಾನದಲ್ಲಿ ಅಷ್ಟು ಬೆಲೆ ತೆತ್ತು ಮೂಸಿದ ವಾಸನೆ ಬೇರೊಂದಿರಲಿಲ್ಲ.

ಸೊರ್ರೆಂದ, ಉಗಿದ, ಮುಂದಕ್ಕೆ ಹೋದ. ಒಂದು ಬಟ್ಟಲಿನ ಮುಂದೆ ನಿಂತು, ಮತ್ತೆ ಒಂದು ಚಮಚ ಎಳೆದು, ತಲೆದೂಗಿದ. "ಇದು ಯಾರೋ ಬಲ್ಲೋರ ಕಾಫಿ ಸಾರ್. ಹದವಾದ ಹುಳಿ. ಬಾಯಿ ತೊಳೆದಂಗೆ ಶುದ್ಧ. ಹೂವಿನ ಘಮ ಹಿಂದ್ಗಡೆ ನಿಲ್ಲತ್ತೆ. ಈ ವರ್ಷ ಈ ಮೇಜಿಗೆ ಬಂದಿದ್ರಲ್ಲೆಲ್ಲ ಇದೇ ಮೇಲು." ಕೊನೆಯ ಬಟ್ಟಲಿಗೆ ಬಂದಾಗ ಅವನ ಮುಖ ಸುಕ್ಕುಗಟ್ಟಿತು. ಬೂಷ್ಟು, ಮಣ್ಣು, ಹಳೆ ಚಪ್ಪಲಿ. ತುಂಬ ಮರ್ಯಾದೆಯಿಂದ, ಈ ಸಲ ಕಿರುಚದೆ, ಕಲ್ಲೇಶಪ್ಪನವರ ಕಡೆ ತಿರುಗಿ ಕೈ ಮುಗಿದ. "ಯಜಮಾನ್ರೆ, ಬೇಜಾರ್ ಮಾಡ್ಕೋಬೇಡಿ. ಇದೇ ನಿಮ್ದು."

ಶಾಂತಪ್ಪನವರು ಚೀಟಿ ತೆಗೆದು ಕನ್ನಡಕ ಏರಿಸಿದರು. ಬಹಳ ಹೊತ್ತು ಓದಿದರು. ಓದಲು ಅದರಲ್ಲಿ ಅಷ್ಟೇನೂ ಇರಲಿಲ್ಲ. "ಇದು ನಮ್ ಮಾಲೀಕರ ಮಾವನೋರ್ ತೋಟದ್ದು," ಎಂದು ಮೆಲ್ಲಗೆ ಹೇಳಿ, "ಚೆನ್ನಯ್ಯ, ನಿನಗೆ ಏನೂ ಕೇಳಿಸ್ಲಿಲ್ಲ" ಅಂದರು. ಚೆನ್ನಯ್ಯ, "ಆಂ?" ಅಂದ.

"ಹಂಗಾದ್ರೆ ಇವರದ್ದು?" ಎಂದ ರೇವಣ್ಣ.

ಶಾಂತಪ್ಪನವರು ರೇವಣ್ಣ ತಲೆದೂಗಿದ ಬಟ್ಟಲಿನ ಚೀಟಿ ಎತ್ತಿ ತೋರಿಸಿದರು. ಕಲ್ಲೇಶಪ್ಪ, ಶನಿವಾರಸಂತೆ. ಕಿಟಕಿಯಲ್ಲಿದ್ದ ಹೆಂಗಸರು ಕೂಗು ಹಾಕಿ ನಕ್ಕರು.

ರೇವಣ್ಣನ ಕಿವಿ ಬಿಸಿಯಾಯಿತು. ತನ್ನ ಮೂಗು, ತನ್ನ ನಾಲಿಗೆ, ಇಷ್ಟು ವರ್ಷದ ಸಪ್ಪೆ ಮೊಸರನ್ನ, ಎಲ್ಲ ಆ ಪೀಕದಾನಿಯೊಳಗೆ ಹೋದಂತಾಯಿತು. "ಯಜಮಾನ್ರೆ, ಅವತ್ತು ನಾನ್ ಕುಡಿದಿದ್ದು ಇದಲ್ಲ," ಎಂದ.

ಕಲ್ಲೇಶಪ್ಪನವರು ಗೆದ್ದಿದ್ದರು, ಆದರೆ ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ. ಕೊಡೆಯ ಹಿಡಿ ತಿರುಗಿಸುತ್ತ ಹೇಳಿದರು: "ಅದಲ್ಲ. ಇದು ಕಡೇ ಕುಯ್ಲಿಂದು. ನೀನ್ ಹೋದ್ಮೇಲೆ ನಾನು ನಿಂಗೆ ಬಯ್ತಾ ಕೂತಿದ್ದೆ. ಮಗಳು, 'ಅಪ್ಪಾಜಿ, ಬೈಯೋದು ಆಮೇಲೆ ಬೈಯಿರಿ, ಆ ಮನುಷ್ಯ ಹೇಳಿದ್ದು ಹೌದೋ ಅಲ್ವೋ ನೋಡಣ' ಅಂದ್ಲು. ಕಣ ಬಿಟ್ಟು ಬಿದಿರಿನ ತಟ್ಟಿ ಮೇಲೆ ಒಣಗ್ಸಿದ್ಲು. ಗುಡ್ಡೆ ಹಾಕಕ್ಕೆ ಬಿಡ್ಲಿಲ್ಲ. ಬಿಸಿಲಲ್ಲಿ ನಿಂತು ತಾನೇ ಕೈಯಾಡ್ಸಿದ್ಲು. ಇಷ್ಟು ವರ್ಷ ನಮ್ ಕಾಫೀನ ಕೆಳಗಿನ್ ದರ್ಜೆಗ್ ಹಾಕೋರು ಬೇಕಂತ್ಲೇ ಹಾಕ್ತಾರೆ ಅಂತಿದ್ದೆ ನಾನು." ಸ್ವಲ್ಪ ತಡೆದು, "ಆದ್ರೂ ಪಂದ್ಯ ಪಂದ್ಯವೇ. ಭಾನುವಾರ ಬಾ," ಎಂದು ಎದ್ದರು.

ಭಾನುವಾರ ರೇವಣ್ಣ ಹೋದ. ಬಸ್ಸಿನಲ್ಲಿ ಒಂದು ಭಾಷಣ ಕಟ್ಟಿಕೊಂಡಿದ್ದ. ಅದರಲ್ಲಿ 'ಅಜ್ಞಾನ', 'ಪಶ್ಚಾತ್ತಾಪ' ಮುಂತಾದ ದೊಡ್ಡ ಮಾತುಗಳಿದ್ದವು. ಮನೆ ಮುಂದೆ ಇಳಿದಾಗ ಹಿಂದಿನ ಹಿರಿಯರ ಜೊತೆಗೆ ಊರಿನ ಅರ್ಧ ಜನ ಜಗಲಿಯಲ್ಲಿ ಜಮಾಯಿಸಿದ್ದರು. ಭಾಷಣ ಮರೆತುಹೋಯಿತು.

ಸರ್ವಮಂಗಳ ಈ ಸಲ ಬಾಗಿಲ ಸಂದಿನಲ್ಲಿರಲಿಲ್ಲ. ಅಂಗಳದಲ್ಲಿ ತಟ್ಟಿಗಳ ಪಕ್ಕ ನಿಂತಿದ್ದಳು, ಬಿಸಿಲಿಗೆ ಕಪ್ಪಾಗಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ತಪ್ಪಾಯ್ತು," ಅಂದ ರೇವಣ್ಣ. "ಹೇಳಿದ್ದು ಸುಳ್ಳಲ್ಲ. ಆದ್ರೆ ಹೇಳೋ ಜಾಗ ಅಲ್ಲ ಅದು."

"ಉಗಿದಿದ್ದು?"

"ಅದೂ ತಪ್ಪು."

"ನಮ್ಮಜ್ಜಿ ತವರಿಂದ ತಂದ ಚೊಂಬು. ಹುಣಸೆಹಣ್ಣು ಹಾಕಿ ಎಷ್ಟು ಉಜ್ಜಿದ್ರೂ ಅಮ್ಮ ಒಳಗ್ ಇಟ್ಕೊಳ್ತಿಲ್ಲ. ಕೋಳಿಗೆ ನೀರಿಡ್ತಿದೀವಿ."

ಜಗಲಿಯಲ್ಲಿ ಯಾರೋ ಕೆಮ್ಮಿನೊಳಗೆ ನಗು ಮುಚ್ಚಿದರು. ಅವಳು ಬಿಡಲಿಲ್ಲ. "ಅವತ್ತು ಒಂದ್ ಮಾತು ಕೇಳಿದ್ದೆ. ನೀವು ಹೇಳ್ಲೇ ಇಲ್ಲ."

"ಕಾಫಿದೇ," ಅಂದ ರೇವಣ್ಣ. "ತಂದೋರನ್ನ ನಾನ್ ನೋಡ್ಲೇ ಇಲ್ಲ. ಅಮ್ಮ ತಲೆ ತಗ್ಗಿಸ್ಕೊಂಡಿರು ಅಂದಿದ್ರು."

"ಇವತ್ತು ನೋಡಿದ್ರಾ?"

ಒಂದು ಚಮಚ ಕಾಫಿಗೆ ಹತ್ತು ಮಾತು ಹುಡುಕಿ ಕೊಡುವ ಮನುಷ್ಯ ಅಂಗಳದ ನಡುವೆ ಕೈಕಟ್ಟಿ ನಿಂತ. "ನೋಡ್ತಾ ಇದೀನಿ," ಎಂದ ಕೊನೆಗೆ. ಮುಖ ಆ ದನಿಗೆ ಸರಿಯಾಗಿಯೇ ಇತ್ತು. ಅವನು ಕಲ್ಪಿಸಿಕೊಂಡಿದ್ದಕ್ಕಿಂತ ಸ್ವಲ್ಪ ಹೆಚ್ಚು ತುಂಟತನ ಇತ್ತು, ಅಷ್ಟೆ.

ಸರ್ವಮಂಗಳ ಸೆರಗು ಬಿಡಿಸಿಕೊಂಡು ಒಳಗೆ ಹೊರಟಳು. ಹೊಸ್ತಿಲಲ್ಲಿ ತಿರುಗಿ, "ಅಪ್ಪಾಜಿ, ಬಂದೋರಿಗೆ ಕಾಫಿ ಕೊಡ್ಲೋ, ಮಜ್ಜಿಗೆ ಕೊಡ್ಲೋ ಕೇಳಿ" ಅಂದಳು.

"ಮಜ್ಜಿಗೆ!" ಎಂದು ರೇವಣ್ಣ ಎಷ್ಟು ಬೇಗ, ಎಷ್ಟು ಜೋರಾಗಿ ಹೇಳಿದನೆಂದರೆ, ಜಗಲಿಯವರಿಗೆ ಇನ್ನು ಕೆಮ್ಮಿನಿಂದ ಸಂಭಾಳಿಸಲಾಗಲಿಲ್ಲ. ಕಲ್ಲೇಶಪ್ಪನವರೂ ನಕ್ಕರು. ನಕ್ಕ ಮೇಲೆ ಕೋಪ ಉಳಿಸಿಕೊಳ್ಳುವುದು ಅವರಿಗೆ ಕಷ್ಟವಾಯಿತು. ಆ ಸಂಜೆಯೇ ಶಕುಂತಲಮ್ಮನವರಿಗೆ ಹೇಳಿಕಳಿಸಿದರು.

ಬೇಸಿಗೆಯಲ್ಲಿ ಮದುವೆ ಆಯಿತು. ಶಾಂತಪ್ಪನವರು ಬಂದು, ತಾವೂ ಎಲೆಯ ತುದಿಯಲ್ಲಿ ಮೊಸರನ್ನ ಕಲಸಿಕೊಂಡು ಉಂಡು ಹೋದರು.

ಅಳಿಯನಾಗಿ ಕಲ್ಲೇಶಪ್ಪನವರ ಮನೆಯಲ್ಲಿ ಕಳೆದ ಮೊದಲ ಬೆಳಿಗ್ಗೆ, ಅತ್ತೆ ಕಾಫಿ ತಂದಿಟ್ಟರು. ಕುದಿಯುತ್ತಿತ್ತು. ಮಾವ ಪೂಜೆ ಅರ್ಧಕ್ಕೆ ಬಿಟ್ಟು ಬಂದು ಕಂಬಕ್ಕೆ ಒರಗಿದರು. ಅಡುಗೆಮನೆ ಬಾಗಿಲಲ್ಲಿ ನೆಂಟರ ಹೆಂಗಸರ ತಲೆಗಳು ಒಂದರ ಮೇಲೊಂದು ಮೂಡಿದವು. ಎಲ್ಲರ ಕಣ್ಣೂ ಅಳಿಯನ ಗಂಟಲ ಮೇಲೆ. ಮುನ್ನೆಚ್ಚರಿಕೆಗೆ ಕೈಗೆ ಸಿಗುವಂಥ ಪಾತ್ರೆಗಳನ್ನೆಲ್ಲ ದೂರ ಇಟ್ಟಿದ್ದನ್ನು ರೇವಣ್ಣ ಗಮನಿಸಿದ.

ಇವರ ಮುಂದೆ ಮೂಸಬಾರದು, ಎಳೆಯಬಾರದು, ಬಾಯಲ್ಲಿ ಆಡಿಸಬಾರದು. ಮನುಷ್ಯರಂತೆ ನುಂಗಬೇಕು. ಹಾಗೆ ನಿಶ್ಚಯಿಸಿ, ಉಸಿರು ಬಿಗಿಹಿಡಿದು, ಲೋಟವನ್ನು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡ. ಕಣ್ಣಲ್ಲಿ ನೀರು ಬಂತು. ಕಿವಿಯಲ್ಲಿ ಶಿಳ್ಳೆ ಹೊಡೆದಂತಾಯಿತು. ಆದರೂ ಲೋಟ ಕೆಳಗಿಟ್ಟು ನಕ್ಕ. "ಭಾಳ ಚೆನ್ನಾಗಿದೆ ಅತ್ತೆ," ಎನ್ನಲು ಹೋದರೆ ನಾಲಿಗೆ ತಿರುಗಲಿಲ್ಲ. ಮನೆಯವರೆಲ್ಲ ಸಂತೋಷದಿಂದ ನಿಟ್ಟುಸಿರು ಬಿಟ್ಟರು. ಮಾವ ಪೂಜೆಗೆ ಮರಳಿದರು.

ನಾಲಿಗೆ ಬೊಬ್ಬೆ ಎದ್ದಿತ್ತು. ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ವರ್ಕ್ಸಿಗೆ ಹೇಳಿಕಳಿಸಿದಾಗ ಶಾಂತಪ್ಪನವರಿಂದ ಬಂದ ಬೈಗುಳದ ಉತ್ತರವನ್ನು ಸರ್ವಮಂಗಳ ಎಷ್ಟು ಕೇಳಿದರೂ ಅವನು ಹೇಳಲಿಲ್ಲ. ಆದರೆ ಅದೆಲ್ಲ ಆಮೇಲಿನ ಮಾತು; ಆ ಬೆಳಿಗ್ಗೆ ಅವಳು ಹಿಂದಿನ ಕೋಣೆಯಲ್ಲಿ ಅವನ ಮುಂದೆ ಕೂತು, ಬಟ್ಟಲಲ್ಲಿ ತಣ್ಣನೆಯ ಬೆಣ್ಣೆ ತಂದು ಕೊಟ್ಟಳು.

"ಕಾಫಿ ನಾನೇ ಮಾಡಿದ್ದು," ಅಂದಳು. "ನಿಜ ಹೇಳಿ, ಹೆಂಗಿತ್ತು?"

ರೇವಣ್ಣ ಬೆಣ್ಣೆಯನ್ನು ನಾಲಿಗೆಯ ಮೇಲೆ ಇಟ್ಟುಕೊಂಡು ಬಹಳ ಯೋಚಿಸಿದ.

"ಬಿಸಿ ಇತ್ತು," ಎಂದ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕೋಣೆಯ ಆಚೆ ಕೇಳಿಸದಂತೆ, ತುಂಬ ಹೊತ್ತು ನಕ್ಕಳು. ಅವನ ನಾಲಿಗೆಗೆ ರುಚಿ ಮರಳುವ ಹೊತ್ತಿಗೆ ಮಳೆ ಹಿಡಿದಿತ್ತು.